ಉಕ್ಕು ಮತ್ತು ಒಂದು ಅಂಕ

ನನ್ನ ಬಳಿ ಎಂಟನೆಯ ತರಗತಿಯಲ್ಲಿ ವಿಜ್ಞಾನ ಕಲಿತವರಿಗೆಲ್ಲ ಕರಿಹಲಗೆಯ ಮೇಲೆ ನಾನು ಗೀಟೆಳೆದು ಬರೆಯುತ್ತಿದ್ದ ಆ ಎರಡು ಪಟ್ಟಿಗಳು ನೆನಪಿರಬಹುದು. ಎಡಗಡೆ ಭೌತ ಬದಲಾವಣೆ, ಬಲಗಡೆ ರಾಸಾಯನಿಕ ಬದಲಾವಣೆ. ಮಂಜುಗಡ್ಡೆ ಕರಗುವುದು, ಸಕ್ಕರೆ ನೀರಿನಲ್ಲಿ ಬೆರೆಯುವುದು, ಕರ್ಪೂರ ಆವಿಯಾಗುವುದು, ಕಬ್ಬಿಣದ ಸರಳನ್ನು ಕಾಯಿಸುವುದು ಎಡಕ್ಕೆ. ಕಾಗದ ಉರಿಯುವುದು, ಹಾಲು ಹೆಪ್ಪಾಗುವುದು, ಸುಣ್ಣದ ಕಲ್ಲಿಗೆ ನೀರು ಹಾಕುವುದು, ಕಬ್ಬಿಣ ತುಕ್ಕು ಹಿಡಿಯುವುದು ಬಲಕ್ಕೆ. ಮೊದಲನೆಯದರಲ್ಲಿ ಹೊಸ ವಸ್ತು ಉಂಟಾಗುವುದಿಲ್ಲ, ಹಿಂದಿನ ಸ್ಥಿತಿಗೆ ಮರಳಿಸಬಹುದು. ಎರಡನೆಯದರಲ್ಲಿ ಹೊಸ ವಸ್ತು ಉಂಟಾಗುತ್ತದೆ, ಸುಲಭವಾಗಿ ಮರಳಿಸಲಾಗದು. ಬಿ.ಎಡ್. ತರಬೇತಿಯ ಕಾಲದಲ್ಲಿ ಪಾಠಯೋಜನೆಯ ಪುಸ್ತಕದಲ್ಲಿ ನಾನು ಮೊಟ್ಟಮೊದಲು ಬರೆದ ಪಾಠವೂ ಇದೇ. ಪರಿವೀಕ್ಷಕರು ಅದಕ್ಕೆ ಒಳ್ಳೆಯ ಅಂಕ ಕೊಟ್ಟಿದ್ದರು. ಆ ಧೈರ್ಯದಿಂದ ಮೂರು ದಶಕಗಳ ಕಾಲ ಅದನ್ನೇ ಬರೆಸಿದೆನು.

ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ನಡೆದ ಒಂದು ಸಣ್ಣ ಸಂಗತಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಎಂಬ ಭಾಗದಲ್ಲಿ ‘ಕಬ್ಬಿಣವನ್ನು ಕಾಯಿಸುವುದು ______ ಬದಲಾವಣೆ’ ಎಂದು ಕೇಳಿದ್ದೆ. ಒಬ್ಬ ಹುಡುಗ ‘ಎರಡೂ’ ಎಂದು ಬರೆದಿದ್ದ. ಅವನ ತಂದೆ ನಮ್ಮ ಊರಿನ ಸಂತೆ ಮೈದಾನದ ಅಂಚಿನಲ್ಲಿ ಕುಲುಮೆ ಇಟ್ಟುಕೊಂಡಿದ್ದರು; ಸುತ್ತಲ ಹಳ್ಳಿಗಳ ಕುಡುಗೋಲು, ಗುದ್ದಲಿ, ನೇಗಿಲಿನ ಗುಳ ಎಲ್ಲವೂ ಅವರ ಕೈಯಿಂದಲೇ ಬರಬೇಕಿತ್ತು. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಒಂದು ಅಂಕ ಕಳೆದೆ. ಉತ್ತರಪತ್ರಿಕೆ ಹಂಚಿದ ದಿನ ಹುಡುಗ ಎದ್ದು ನಿಂತು ಕೇಳಿದ: “ಸಾರ್, ಕಾಯಿಸಿ ಬಡಿದರೆ ಕಬ್ಬಿಣದಿಂದ ಕಪ್ಪು ಸಿಪ್ಪೆ ಉದುರತ್ತೆ. ಕೆಂಪಗೆ ಕಾದಿದ್ದನ್ನ ನೀರಿಗೆ ಅದ್ದಿದರೆ ಅದು ಮೊದಲಿನ ಹಾಗೆ ಇರಲ್ಲ, ಅರ ಹಾಕಿದರೂ ಹಿಡಿಯಲ್ಲ. ಆಮೇಲೆ ಮತ್ತೆ ಸ್ವಲ್ಪ ಕಾಯಿಸಿದರೆ ಹಳದಿ, ನೀಲಿ ಬಣ್ಣ ಬರತ್ತೆ. ಮೊದಲಿನ ಸ್ಥಿತಿಗೆ ಬರಲಿಲ್ಲವಲ್ಲ ಸಾರ್?”

ತರಗತಿ ನಕ್ಕಿತು. ನಾನು “ಪುಸ್ತಕದಲ್ಲಿ ಇರುವುದನ್ನು ಬರೆ, ಕುಲುಮೆಯಲ್ಲಿ ಇರುವುದನ್ನಲ್ಲ. ಕೂತುಕೋ” ಎಂದೆ. ಅವನು ಕುಳಿತನು. ಆ ವರ್ಷವಿಡೀ ಮತ್ತೆ ಪ್ರಶ್ನೆ ಕೇಳಲಿಲ್ಲ.

ನಿವೃತ್ತಿಯ ಅನಂತರ ಕಬ್ಬಿಣ ಮತ್ತು ಉಕ್ಕಿನ ಚರಿತ್ರೆಯನ್ನು ಓದುವ ಅವಕಾಶ ದೊರೆಯಿತು. ಓದುತ್ತಾ ಹೋದಂತೆ ನನಗೆ ತಿಳಿದುಬಂದ ವಿಷಯವಿಷ್ಟು: ಆ ಹುಡುಗನ ಪ್ರಶ್ನೆಯನ್ನೇ ಯುರೋಪಿನ ಶ್ರೇಷ್ಠ ರಸಾಯನಶಾಸ್ತ್ರಜ್ಞರು ನೂರಾರು ವರ್ಷ ಕೇಳಿಕೊಂಡಿದ್ದರು, ಮತ್ತು ಆ ಪ್ರಶ್ನೆಗೆ ಉತ್ತರ ಹುಡುಕಲು ಅವರು ಬಳಸಿದ ವಸ್ತುಗಳಲ್ಲಿ ಒಂದಕ್ಕೆ ನಮ್ಮ ಕನ್ನಡದ ಹೆಸರಿತ್ತು.

ಮೊದಲು ಆ ಪ್ರಶ್ನೆಯನ್ನು ನೋಡೋಣ. ಕಬ್ಬಿಣ ಬೇರೆ, ಉಕ್ಕು ಬೇರೆ ಎಂಬುದು ಪ್ರಾಚೀನ ಕಾಲದಿಂದ ಎಲ್ಲ ಕಮ್ಮಾರರಿಗೂ ಗೊತ್ತಿದ್ದ ಸಂಗತಿ. ಮೆದು ಕಬ್ಬಿಣವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಹೆಚ್ಚೇನೂ ಆಗದು. ಉಕ್ಕನ್ನು ಅದ್ದಿದರೆ ಗಾಜನ್ನು ಗೀರುವಷ್ಟು ಗಡಸಾಗುತ್ತದೆ. ಏಕೆ? ಉಕ್ಕೆಂದರೆ ಹೆಚ್ಚು ಶುದ್ಧವಾದ ಕಬ್ಬಿಣ, ಬೆಂಕಿಯು ಕಬ್ಬಿಣದ ಕೊಳೆಯನ್ನು ಸುಟ್ಟು ತೆಗೆದಾಗ ಉಕ್ಕು ಉಳಿಯುತ್ತದೆ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಇದು ಸಹಜವಾದ ಊಹೆಯೇ. ಬಂಗಾರವನ್ನು ಬೆಂಕಿಗಿಟ್ಟು ಶುದ್ಧಿ ಮಾಡುವುದನ್ನು ಕಂಡವರು ಕಬ್ಬಿಣದ ಬಗೆಗೂ ಹಾಗೆಯೇ ಭಾವಿಸಿದರು. ಫ್ರಾನ್ಸಿನ ರಿಯೊಮರ್ ಎಂಬ ವಿಜ್ಞಾನಿ 1722ರಲ್ಲಿ ಇದಕ್ಕೆ ವಿರುದ್ಧವಾದ ಮಾತನ್ನು ಹೇಳಿದನು. ಕಬ್ಬಿಣವು ಉಕ್ಕಾಗುವಾಗ ಏನನ್ನೂ ಕಳೆದುಕೊಳ್ಳುವುದಿಲ್ಲ, ಹೊರಗಿನಿಂದ ಏನನ್ನೋ ಪಡೆಯುತ್ತದೆ ಎಂಬುದು ಅವನ ವಾದ. ಆ ‘ಏನೋ’ ಎಂಬುದನ್ನು ಅವನು ಗಂಧಕದಂತಹ ಮತ್ತು ಲವಣದಂತಹ ಅಂಶಗಳೆಂದು ತಿಳಿದಿದ್ದನು. ಅದು ತಪ್ಪು. ಆದರೆ ದಿಕ್ಕು ಸರಿಯಾಗಿತ್ತು.

1781ರಲ್ಲಿ ಸ್ವೀಡನ್ನಿನ ತೋರ್ಬೆರ್ನ್ ಬೆರ್ಗ್‌ಮನ್ ಬಗೆಬಗೆಯ ಕಬ್ಬಿಣಗಳನ್ನು ಆಮ್ಲದಲ್ಲಿ ಕರಗಿಸಿದನು. ಹೊರಬಂದ ಅನಿಲವನ್ನು ಅಳೆದನು. ಪಾತ್ರೆಯ ತಳದಲ್ಲಿ ಉಳಿದ ಕಪ್ಪು ಪುಡಿಯನ್ನು ತೂಗಿದನು. ಮೆದು ಕಬ್ಬಿಣದಲ್ಲಿ ಆ ಪುಡಿ ಅತ್ಯಲ್ಪ, ಉಕ್ಕಿನಲ್ಲಿ ಅದಕ್ಕಿಂತ ಹೆಚ್ಚು, ಎರಕದ ಕಬ್ಬಿಣದಲ್ಲಿ ಇನ್ನೂ ಹೆಚ್ಚು. ನಾವು ಪೆನ್ಸಿಲಿನಲ್ಲಿ ಬಳಸುವ ಗ್ರಾಫೈಟಿನಂತಹ ಪುಡಿ ಅದು. ಆದರೆ ಬೆರ್ಗ್‌ಮನ್ ಫ್ಲಾಜಿಸ್ಟನ್ ವಾದದ ನೆರಳಿನಲ್ಲಿದ್ದವನು. ಉರಿಯುವ ಪ್ರತಿಯೊಂದು ವಸ್ತುವಿನಲ್ಲಿಯೂ ಫ್ಲಾಜಿಸ್ಟನ್ ಎಂಬ ಕಾಣದ ತತ್ವವಿದೆಯೆಂದು ಆ ವಾದ ಹೇಳುತ್ತಿತ್ತು. ಹೀಗಾಗಿ ಕೈಯಲ್ಲಿ ಹಿಡಿದಿದ್ದ ಕಪ್ಪು ಪುಡಿಗಿಂತ ಕಾಣದ ಫ್ಲಾಜಿಸ್ಟನ್ನಿಗೇ ಅವನು ಹೆಚ್ಚು ಮಹತ್ವ ಕೊಟ್ಟನು. ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ಹುಡುಗನ ಕಪ್ಪು ಸಿಪ್ಪೆಗಿಂತ ಪುಸ್ತಕದ ಪಟ್ಟಿಗೆ ಹೆಚ್ಚು ಮಹತ್ವ ಕೊಟ್ಟವನು ನಾನು.

ಲವಾಸಿಯೆ ಫ್ಲಾಜಿಸ್ಟನ್ ವಾದವನ್ನು ಬುಡಮೇಲು ಮಾಡಿದ ಕಥೆಯನ್ನು ನೀವು ಒಂಬತ್ತನೆಯ ತರಗತಿಯಲ್ಲಿ ಕೇಳಿದ್ದೀರಿ. ಅದನ್ನು ಮತ್ತೆ ಹೇಳುವುದಿಲ್ಲ. ಕಾದ ಕಬ್ಬಿಣದಿಂದ ಉದುರುವ ಕಪ್ಪು ಸಿಪ್ಪೆಯು ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತವೆಂಬುದು ಆ ಹೊಸ ರಸಾಯನಶಾಸ್ತ್ರದಿಂದ ಖಚಿತವಾಯಿತು ಎಂಬುದನ್ನಷ್ಟೇ ಇಲ್ಲಿ ನೆನಪಿಸುತ್ತೇನೆ. ಲವಾಸಿಯೆಯ ಪಕ್ಷದವರಾದ ವಾಂಡರ್‌ಮೊಂಡ್, ಬೆರ್ತೊಲೆ ಮತ್ತು ಮೊಂಜ್ 1786ರಲ್ಲಿ ಉಕ್ಕಿನ ರಹಸ್ಯವನ್ನು ಬಿಚ್ಚಿಟ್ಟರು: ಉಕ್ಕೆಂದರೆ ಕಬ್ಬಿಣಕ್ಕೆ ಸ್ವಲ್ಪ ಇಂಗಾಲ ಸೇರಿದ್ದು. ಕೆಲವು ವರ್ಷಗಳ ಬಳಿಕ ಕ್ರಾಂತಿಯ ಫ್ರಾನ್ಸ್ ಸುತ್ತಲಿನ ರಾಜ್ಯಗಳೊಡನೆ ಯುದ್ಧಕ್ಕಿಳಿದು ಹೊರಗಿನ ಉಕ್ಕು ಬರದಂತಾದಾಗ, ಇದೇ ಮೂವರು ಕಬ್ಬಿಣದ ಕೆಲಸಗಾರರಿಗಾಗಿ ಉಕ್ಕು ತಯಾರಿಕೆಯ ಕೈಪಿಡಿಯೊಂದನ್ನು ಬರೆದುಕೊಟ್ಟರು. ಅದೇ ಕ್ರಾಂತಿಯು 1794ರ ಮೇ 8ರಂದು ಲವಾಸಿಯೆಯ ತಲೆಯನ್ನು ತೆಗೆಯಿತು.

ಇಂಗಾಲವೇ ಕಾರಣವೆಂಬುದಕ್ಕೆ ಅತ್ಯಂತ ದುಬಾರಿಯಾದ ಸಾಕ್ಷ್ಯ 1799ರಲ್ಲಿ ದೊರೆಯಿತು. ಪ್ಯಾರಿಸ್ಸಿನಲ್ಲಿ ಒಂದು ವಜ್ರವನ್ನು ಮೆದು ಕಬ್ಬಿಣದ ಪುಟ್ಟ ಮೂಸೆಯೊಳಗೆ ಮುಚ್ಚಿ ಕುಲುಮೆಗೆ ಇಟ್ಟರು. ತೆರೆದಾಗ ವಜ್ರವಿರಲಿಲ್ಲ, ಕಬ್ಬಿಣವು ಉಕ್ಕಾಗಿತ್ತು! ಕುಲುಮೆಯ ಹೊಗೆಯಿಂದಲೇ ಇಂಗಾಲ ಸೇರಿರಬಹುದಲ್ಲ ಎಂಬ ಸಂಶಯ ಉಳಿಯಿತು. 1815ರಲ್ಲಿ ಲಂಡನ್ನಿನ ಪೆಪಿಸ್ ಎಂಬವನು ಕಬ್ಬಿಣದ ತಂತಿಯೊಳಗೆ ವಜ್ರದ ಪುಡಿಯನ್ನು ತುಂಬಿ, ಬೆಂಕಿಯೇ ಇಲ್ಲದೆ ವಿದ್ಯುತ್ತಿನಿಂದ ಅದನ್ನು ಕಾಯಿಸಿ ಆ ಸಂಶಯವನ್ನೂ ನಿವಾರಿಸಿದನು.

ಈಗ ನಮ್ಮ ಕಡೆಗೆ ಬರೋಣ. ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಎಂಬವನು 1794–95ರ ಸುಮಾರಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಒಂದು ಬಗೆಯ ಉಕ್ಕಿನ ಗಟ್ಟಿಗಳನ್ನು ಕಳುಹಿಸಿದನು. ಹೆಸರು ‘ವೂಟ್ಜ್’. ಈ ವಿಚಿತ್ರ ಪದ ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ವಿದ್ವಾಂಸರ ಅಭಿಪ್ರಾಯ. ಯಾರೋ ‘ವೂಕ್’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದು ಕೈಬರಹದ ದೋಷದಿಂದ ‘ವೂಟ್ಜ್’ ಆಗಿರಬೇಕು. ನಿಮ್ಮ ಕೈಬರಹವನ್ನು ತಿದ್ದಲು ನಾನು ಅಷ್ಟೊಂದು ಹಟ ಮಾಡಿದ್ದೇಕೆಂದು ಈಗಲಾದರೂ ಅರ್ಥವಾಗಬಹುದು! ತಮಿಳಿನಲ್ಲಿ ಉಕ್ಕಿಗೆ ‘ಉರುಕ್ಕು’ ಎನ್ನುತ್ತಾರೆ. ‘ಉರುಕು’ ಎಂದರೆ ಕರಗು. ಕರಗಿಸಿ ಪಡೆದದ್ದು ಎಂಬ ಅರ್ಥ ಈ ಹೆಸರಿನಲ್ಲೇ ಅಡಗಿದೆಯೆಂದು ಹಲವರು ಭಾವಿಸುತ್ತಾರೆ.

ಜಾರ್ಜ್ ಪಿಯರ್ಸನ್ 1795ರಲ್ಲಿ ಇದರ ಮೇಲೆ ಪ್ರಯೋಗಗಳನ್ನು ನಡೆಸಿ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದನು. ಆ ಪ್ರಬಂಧದ ಶೀರ್ಷಿಕೆಯಲ್ಲಿಯೇ ಇದು ಮುಂಬಯಿಯಲ್ಲಿ ತಯಾರಾದ ಉಕ್ಕು ಎಂದಿದೆ. ಹಡಗು ಹತ್ತಿದ ಊರನ್ನೇ ಹುಟ್ಟಿದ ಊರೆಂದು ತಿಳಿದದ್ದು. ಅವನಿಗಾಗಿ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕನು ಆ ಗಟ್ಟಿಯಿಂದ ಒಂದು ಪೆನ್ನು ಹೆರೆಯುವ ಚಾಕುವನ್ನು ಮಾಡಿದನು. ಅದು ಸುಲಭದ ಕೆಲಸವಾಗಿರಲಿಲ್ಲ. ಇಂಗ್ಲೆಂಡಿನ ಕಮ್ಮಾರರು ತಮ್ಮ ಕಬ್ಬಿಣದಂತೆಯೇ ಇದನ್ನೂ ಬೆಳ್ಳಗೆ ಕಾಯಿಸಿ ಬಡಿದರೆ ಅದು ಪುಡಿಪುಡಿಯಾಗುತ್ತಿತ್ತು; ಮಂದವಾದ ಕೆಂಪಿನಲ್ಲಿ ತಾಳ್ಮೆಯಿಂದ ಬಡಿಯಬೇಕಿತ್ತು. ಆದರೆ ಒಮ್ಮೆ ಒಲಿದ ಮೇಲೆ ಸ್ಟೋಡಾರ್ಟ್ ಅದನ್ನು ಬಿಡಲಿಲ್ಲ. ಯುರೋಪಿನ ಅತ್ಯುತ್ತಮ ಉಕ್ಕಿಗಿಂತಲೂ ಭಾರತದ ಈ ಉಕ್ಕೇ ತನಗೆ ಮೆಚ್ಚೆಂದು, ಇದರಿಂದಲೇ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನೂ ಕ್ಷೌರದ ಕತ್ತಿಗಳನ್ನೂ ಮಾಡುವುದಾಗಿ ತನ್ನ ಅಂಗಡಿಯ ಚೀಟಿಯಲ್ಲಿ ಅಚ್ಚು ಹಾಕಿಸಿದನು.

ಈ ಉಕ್ಕು ಹೇಗೆ ತಯಾರಾಗುತ್ತಿತ್ತು? ಶ್ರೀರಂಗಪಟ್ಟಣದ ಪತನದ ಮರುವರ್ಷ, ಅಂದರೆ 1800ರಲ್ಲಿ, ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದನು. ಅವನ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಮಾಗಡಿ, ಮಧುಗಿರಿಗಳ ಕಡೆಯ ಕಬ್ಬಿಣದ ಕೆಲಸವನ್ನು ಅವನು ಹತ್ತಿರದಿಂದ ನೋಡಿ ಬರೆದಿದ್ದಾನೆ. ಮಣ್ಣಿನ ಸಣ್ಣ ಮೂಸೆಯೊಳಗೆ ಮೆದು ಕಬ್ಬಿಣದ ತುಂಡು, ಅದರೊಡನೆ ತಂಗಡಿ ಗಿಡದ ಕಡ್ಡಿಗಳು, ಮೇಲೆ ಬಳ್ಳಿಯೊಂದರ ಹಸಿ ಎಲೆಗಳು. ಬಾಯಿಯನ್ನು ಜೇಡಿಮಣ್ಣಿನಿಂದ ಮೆತ್ತಿ, ಮೂಸೆಗಳನ್ನು ಇದ್ದಿಲಿನ ನಡುವೆ ಜೋಡಿಸಿ, ಗಂಟೆಗಟ್ಟಲೆ ತಿದಿ ಊದುವುದು. ತಂಗಡಿ ಎಂದರೆ ನಮ್ಮ ಬಯಲುಸೀಮೆಯ ರಸ್ತೆಬದಿಯಲ್ಲಿ ಹಳದಿ ಹೂ ಬಿಡುವ, ಆವರಿಕೆ ಎಂದೂ ಕರೆಯುವ ಅದೇ ಗಿಡ. ನೀವೆಲ್ಲ ಶಾಲೆಗೆ ಬರುವ ದಾರಿಯಲ್ಲಿ ಅದರ ಹೂ ಕಿತ್ತವರೇ.

ಈಗ ಆ ಮೂಸೆಯೊಳಗೆ ಏನಾಗುತ್ತದೆಂದು ನೋಡಿರಿ. ಗಾಳಿಗೆ ಪ್ರವೇಶವಿಲ್ಲ, ಕಡ್ಡಿ ಮತ್ತು ಎಲೆಗಳು ಇದ್ದಿಲಾಗುತ್ತವೆ. ಶುದ್ಧ ಕಬ್ಬಿಣವು ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು; ಇದ್ದಿಲಿನ ಕುಲುಮೆಗೆ ಅದು ನಿಲುಕದ ಶಾಖ. ಆದರೆ ಕೆಂಪಗೆ ಕಾದ ಕಬ್ಬಿಣದೊಳಕ್ಕೆ ಇಂಗಾಲವು ನಿಧಾನವಾಗಿ ಇಳಿಯುತ್ತಾ ಹೋದಂತೆ ಅದರ ಕರಗುವ ಬಿಂದು ಕೆಳಗಿಳಿಯುತ್ತದೆ. ಶೇಕಡಾ ಒಂದೂವರೆಯಷ್ಟು ಇಂಗಾಲ ಸೇರುವ ವೇಳೆಗೆ ಸುಮಾರು ನೂರು ಡಿಗ್ರಿಗಳಷ್ಟು ಇಳಿದಿರುತ್ತದೆ. ಆಗ ಕಬ್ಬಿಣ ಕರಗುತ್ತದೆ. ಒಲೆಯ ಶಾಖವೊಂದರಿಂದ ಆಗದಿದ್ದ ಭೌತ ಬದಲಾವಣೆಗೆ ಇಂಗಾಲದ ಸೇರ್ಪಡೆ ಬಾಗಿಲು ತೆರೆಯಿತು. ಕರಗಿದ್ದರಿಂದ ಕಿಟ್ಟವು ಮೇಲೆ ತೇಲಿ ಬೇರೆಯಾಯಿತು, ಇಂಗಾಲವು ಎಲ್ಲೆಡೆ ಸಮನಾಗಿ ಹರಡಿತು. ನನ್ನ ಕರಿಹಲಗೆಯ ಎಡ ಬಲ ಪಟ್ಟಿಗಳ ಪೈಕಿ ಇದನ್ನು ಎಲ್ಲಿ ಬರೆಯಬೇಕು?

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕನು ಉಕ್ಕನ್ನು ಮೂಸೆಯಲ್ಲಿ ಕರಗಿಸಿದ್ದು 1740ರ ದಶಕದಲ್ಲಿ. ಅದೂ ಮೊದಲೇ ಉಕ್ಕಾಗಿಸಿದ್ದನ್ನು. ಮೆದು ಕಬ್ಬಿಣವನ್ನೇ ಇಂಗಾಲದ ಪದಾರ್ಥದೊಡನೆ ಮೂಸೆಯಲ್ಲಿಟ್ಟು ನೇರವಾಗಿ ಉಕ್ಕು ಮಾಡುವ ವಿಧಾನಕ್ಕೆ ಡೇವಿಡ್ ಮುಶೆಟ್ ಹಕ್ಕುಪತ್ರ ಪಡೆದದ್ದು 1800ರಲ್ಲಿ, ಅಂದರೆ ಬುಕಾನನ್ ನಮ್ಮ ಸೀಮೆಯಲ್ಲಿ ಸುತ್ತುತ್ತಿದ್ದ ವರ್ಷದಲ್ಲಿಯೇ. ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂದು ಎದೆ ತಟ್ಟಿಕೊಳ್ಳುವ ಬರಹಗಳು ನನಗೆ ಒಗ್ಗುವುದಿಲ್ಲ; ಈ ಸಂದರ್ಭದಲ್ಲಿ ಮಾತ್ರ ಇದ್ದದ್ದು ನಿಜ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ದೊರೆತ ಉಕ್ಕಿನ ಮೂಸೆಗಳನ್ನು ನಮ್ಮವರೂ ಬ್ರಿಟಿಷ್ ಮ್ಯೂಸಿಯಮ್ಮಿನ ತಜ್ಞರೂ ಸೇರಿ ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದ್ದಾರೆ. ತೆಲಂಗಾಣದ ಕೋನಸಮುದ್ರಂ, ತಮಿಳುನಾಡಿನ ಕೊಡುಮನಾಲ್ ಸಹ ಈ ಕೆಲಸಕ್ಕೆ ಹೆಸರಾದ ಸ್ಥಳಗಳು. ಅರಬ್ ಮತ್ತು ಪರ್ಷಿಯಾ ದೇಶಗಳಲ್ಲಿ ಡಮಾಸ್ಕಸ್ ಕತ್ತಿಗಳೆಂದು ಪ್ರಸಿದ್ಧಿ ಪಡೆದ, ಮೈಮೇಲೆ ನೀರಿನ ಅಲೆಗಳಂತಹ ಗೆರೆಗಳಿದ್ದ ಖಡ್ಗಗಳಿಗೆ ಇಂತಹ ಮೂಸೆಯ ಉಕ್ಕೇ ಮೂಲದ್ರವ್ಯ. ಖಡ್ಗವಷ್ಟೇ ಅಲ್ಲ, ಚನ್ನಪಟ್ಟಣದ ಉಕ್ಕಿನ ತಂತಿಗಳು ವಾದ್ಯಗಳಿಗಾಗಿ ದೂರದೂರಕ್ಕೆ ಹೋಗುತ್ತಿದ್ದವೆಂದು ಬುಕಾನನ್ ಬರೆದಿದ್ದಾನೆ.

ಈ ಗೆರೆಗಳ ಗುಟ್ಟನ್ನು ಹುಡುಕಿದವರಲ್ಲಿ ಮೈಕೆಲ್ ಫ್ಯಾರಡೆಯೂ ಒಬ್ಬನು. ವಿದ್ಯುಚ್ಛಕ್ತಿಯ ಪಾಠದಲ್ಲಿ ನೀವು ಕೇಳಿದ ಅದೇ ಫ್ಯಾರಡೆ. 1819ರಲ್ಲಿ ಅವನು ವೂಟ್ಜ್ ಉಕ್ಕಿನ ವಿಶ್ಲೇಷಣೆಯನ್ನು ಪ್ರಕಟಿಸಿದನು. ಅಲ್ಯುಮಿನಿಯಂ ಮತ್ತು ಸಿಲಿಕಾನ್ ಅಂಶಗಳೇ ಇದರ ವಿಶೇಷಕ್ಕೆ ಕಾರಣವೆಂದು ಭಾವಿಸಿ, ಸ್ಟೋಡಾರ್ಟನೊಡನೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಮೊದಲಾದ ಲೋಹಗಳನ್ನು ಬೆರೆಸಿ ನೋಡಿದನು. ಆ ಊಹೆ ತಪ್ಪಾಗಿತ್ತು. ಆದರೆ ಆ ತಪ್ಪಿನ ಬೆನ್ನು ಹತ್ತಿ ಅವನು ಮಾಡಿದ ಕೆಲಸ ಮಿಶ್ರಲೋಹದ ಉಕ್ಕುಗಳ ಅಧ್ಯಯನಕ್ಕೆ ನಾಂದಿಯಾಯಿತು. ಅವನ 79 ಮಾದರಿಗಳಿದ್ದ ಪೆಟ್ಟಿಗೆಯೊಂದು ಉಳಿದುಕೊಂಡಿತ್ತು. ರಾಬರ್ಟ್ ಹ್ಯಾಡ್‌ಫೀಲ್ಡ್ ಅವುಗಳನ್ನು ಪರೀಕ್ಷಿಸಿ 1931ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಇನ್ನೊಂದು ವಿಷಯವನ್ನು ಹೇಳಬೇಕು. ಫ್ಯಾರಡೆಯ ತಂದೆ ವೃತ್ತಿಯಲ್ಲಿ ಕಮ್ಮಾರ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಅಂಗಳದಲ್ಲಿ ಬಹಳ ಹೊತ್ತು ಓಡಾಡಿದೆ.

ಗೆರೆಗಳಿಗೆ ಇಂಗಾಲವೇ ಕಾರಣವೆಂದು ಸರಿಯಾಗಿ ಗುರುತಿಸಿದವನು ಪ್ಯಾರಿಸ್ಸಿನ ಟಂಕಸಾಲೆಯ ಬ್ರೆಯಾಂಟ್. ಸುಮಾರು ಮುನ್ನೂರು ಪ್ರಯೋಗಗಳ ಬಳಿಕ 1823ರಲ್ಲಿ ಅವನು ಹೇಳಿದ್ದು: ಹೆಚ್ಚು ಇಂಗಾಲವಿರುವ ಉಕ್ಕು ನಿಧಾನವಾಗಿ ತಣಿಯುವಾಗ ಎರಡು ಬಗೆಯ ಪದಾರ್ಥಗಳಾಗಿ ಬೇರ್ಪಡುತ್ತದೆ; ಅವುಗಳ ಸಾಲುಗಳೇ ಆ ಗೆರೆಗಳು. ಅವುಗಳಲ್ಲೊಂದು ಸಿಮೆಂಟೈಟ್, ಅಂದರೆ ಮೂರು ಕಬ್ಬಿಣದ ಪರಮಾಣುಗಳಿಗೆ ಒಂದು ಇಂಗಾಲದ ಪರಮಾಣು ಸೇರಿದ ಸಂಯುಕ್ತ ಎಂದು ಇಂದು ತಿಳಿದಿದೆ. ಆ ಸಂಯುಕ್ತವು ಸಾಲುಗಟ್ಟಲು ಅದಿರಿನಲ್ಲಿ ಲೇಶಮಾತ್ರವಾಗಿದ್ದ ವೆನೇಡಿಯಂನಂತಹ ಧಾತುಗಳು ಕಾರಣವೆಂದು 1998ರಲ್ಲಿ ಅಮೆರಿಕದ ವರ್‌ಹೋವನ್ ಎಂಬ ಲೋಹವಿಜ್ಞಾನಿ, ಪೆಂಡ್ರೆ ಎಂಬ ಕಮ್ಮಾರನೊಡನೆ ಕೂಡಿ ಮಾಡಿದ ಕೆಲಸದಿಂದ ತೋರಿಸಿದನು. ಪ್ರಬಂಧದ ಮೇಲೆ ಇಬ್ಬರ ಹೆಸರೂ ಇದೆ.

ಇನ್ನು ನೀರಿಗೆ ಅದ್ದುವ ವಿಷಯ. ಇದೇ ನನ್ನ ಹುಡುಗನ ಎರಡನೆಯ ಮಾತು, ಮತ್ತು ಅತ್ಯಂತ ಕಠಿಣವಾದದ್ದು. 1880ರ ದಶಕದಲ್ಲಿ ಫ್ರಾನ್ಸಿನ ಓಸ್ಮಾಂಡ್, ಕಾಯುತ್ತಿರುವ ಕಬ್ಬಿಣದ ಉಷ್ಣತೆಯನ್ನು ಸೂಕ್ಷ್ಮವಾಗಿ ಅಳೆದು, ಘನಸ್ಥಿತಿಯಲ್ಲಿರುವಾಗಲೇ ಅದರ ಒಳರಚನೆ ಬದಲಾಗುತ್ತದೆಂದು ಕಂಡನು. ಬಿಸಿ ಕಬ್ಬಿಣದ ಸ್ಫಟಿಕ ರಚನೆಯು ಶೇಕಡಾ ಎರಡರಷ್ಟು ಇಂಗಾಲವನ್ನು ಒಳಗಿರಿಸಿಕೊಳ್ಳಬಲ್ಲದು; ತಣ್ಣನೆಯ ಕಬ್ಬಿಣದ ರಚನೆಗೆ ಅದರ ನೂರರಲ್ಲೊಂದು ಪಾಲೂ ಹಿಡಿಸದು. ನಿಧಾನವಾಗಿ ತಣಿದರೆ ಇಂಗಾಲವು ಹೊರಬಂದು ಸಿಮೆಂಟೈಟ್ ಆಗಿ ಕೂರುತ್ತದೆ. ಥಟ್ಟನೆ ನೀರಿಗೆ ಅದ್ದಿದರೆ ಹೊರಬರಲು ಅದಕ್ಕೆ ಸಮಯವೇ ಇಲ್ಲ. ಸಂತೆಯ ದಿನ ಬಸ್ಸಿನಲ್ಲಿ ಬಾಗಿಲು ಮುಚ್ಚಿದಂತೆ ಸಿಕ್ಕಿಹಾಕಿಕೊಂಡು, ಸುತ್ತಲಿನ ರಚನೆಯನ್ನೇ ಎಳೆದು ಸೊಟ್ಟಗೆ ಮಾಡುತ್ತದೆ. ಆ ಎಳೆತವೇ ಗಡಸುತನ. ಈ ರಚನೆಗೆ ಜರ್ಮನಿಯ ಮಾರ್ಟೆನ್ಸ್ ಎಂಬವನ ನೆನಪಿನಲ್ಲಿ ಓಸ್ಮಾಂಡನು ಮಾರ್ಟೆನ್ಸೈಟ್ ಎಂದು ಹೆಸರಿಟ್ಟನು. ಇಲ್ಲಿ ಹೊರಗಿನಿಂದ ಏನೂ ಸೇರಲಿಲ್ಲ, ಏನೂ ಹೋಗಲಿಲ್ಲ. ತೂಕವೂ ಅಷ್ಟೇ, ಧಾತುಗಳೂ ಅವೇ. ಆದರೂ ಕಾಯುವಾಗ ಒಂದು ಸಂಯುಕ್ತ ಅಳಿಯಿತು, ತಣಿದಾಗ ಬೇರೊಂದು ರಚನೆ ಹುಟ್ಟಿತು, ಸುಮ್ಮನೆ ಇಟ್ಟರೆ ಅದು ಹಿಂದಿರುಗದು. ಕುಲುಮೆಗೆ ಮತ್ತೆ ಹಾಕಿ ನಿಧಾನವಾಗಿ ತಣಿಸಿದರೆ ಹಿಂದಿರುಗುತ್ತದೆ. ನನ್ನ ಎರಡು ಪಟ್ಟಿಗಳ ಲಕ್ಷಣಗಳು ಇಲ್ಲಿ ಒಂದಕ್ಕೊಂದು ಹೆಣೆದುಕೊಂಡು ಕುಳಿತಿವೆ.

ಮೂರನೆಯದು ಬಣ್ಣ. ನೀರಿಗೆ ಅದ್ದಿದ ಉಕ್ಕು ಗಾಜಿನಂತೆ ಸಿಡುಕು. ಹಾಗೆಯೇ ಬಿಟ್ಟರೆ ಮೊದಲ ಪೆಟ್ಟಿಗೇ ಮುರಿಯುತ್ತದೆ. ಆದ್ದರಿಂದ ಒಂದು ಜಾಗವನ್ನು ಉಜ್ಜಿ ಹೊಳಪು ಮಾಡಿ, ಮತ್ತೆ ಹದವಾಗಿ ಕಾಯಿಸಬೇಕು. ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ, ಬಳಿಕ ಕಂದು, ನೇರಳೆ, 300ರ ಹತ್ತಿರ ನೀಲಿ. ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತ ತೆಳುವಾದ ಆಕ್ಸೈಡಿನ ಪೊರೆ ಬೆಳೆಯುತ್ತಾ ಹೋದಂತೆ ಬೆಳಕು ಹೀಗೆ ಬಣ್ಣ ಬದಲಿಸುತ್ತದೆ. ಮೇಲ್ಮೈಯಲ್ಲಿ ನಡೆಯುವ ರಾಸಾಯನಿಕ ಬದಲಾವಣೆಯನ್ನು ನೋಡಿ ಒಳಗಿನ ಉಷ್ಣತೆಯನ್ನು ಓದುವುದು! ಥರ್ಮಾಮೀಟರ್ ಇಲ್ಲದ ಕಮ್ಮಾರನಿಗೆ ಇದೇ ಥರ್ಮಾಮೀಟರ್.

ಬ್ರಿಟನ್ನಿನ ಅಗ್ಗದ ಕಬ್ಬಿಣ, ಯುದ್ಧಗಳು ಮುಗಿದು ಕುಗ್ಗಿದ ಆಯುಧಗಳ ಬೇಡಿಕೆ, ಬರಿದಾದ ಕಾಡು, 1856ರಲ್ಲಿ ಬಂದ ಬೆಸೆಮರ್ ವಿಧಾನ ಇವೆಲ್ಲ ಕೂಡಿ ನಮ್ಮ ಮೂಸೆಯ ಉಕ್ಕನ್ನು ಮುಗಿಸಿದವು. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಅಲ್ಲಿಯೂ ಮೊದಲು ಉರಿದದ್ದು ಕಾಡಿನ ಇದ್ದಿಲೇ. ಆದರೆ ತಂಗಡಿಯ ಕಡ್ಡಿಯನ್ನು ಎಷ್ಟು ಇಡಬೇಕು, ಯಾವಾಗ ತಿದಿ ನಿಲ್ಲಿಸಬೇಕು ಎಂದು ತಿಳಿದಿದ್ದ ಕೈಗಳು ಅಷ್ಟರಲ್ಲಿ ಇರಲಿಲ್ಲ. ಅವರು ಯಾರೂ ಬರೆದಿಡಲಿಲ್ಲ. ಅವರನ್ನು ಯಾರೂ ಕೇಳಲೂ ಇಲ್ಲ; ಕೇಳಿದ ಒಬ್ಬಿಬ್ಬರು ಪರದೇಶದವರು.

ಕೆಲವು ವರ್ಷಗಳ ಹಿಂದೆ ಬಂಧುಗಳ ಮದುವೆಗೆಂದು ಆ ಊರಿಗೆ ಹೋದವನು ಸಂತೆ ಮೈದಾನದ ಕಡೆ ನಡೆದೆ. ಕುಲುಮೆಯ ಜಾಗದಲ್ಲಿ ವೆಲ್ಡಿಂಗ್ ಅಂಗಡಿಯಿತ್ತು. ಹುಡುಗನ ತಂದೆ ಹಿಂಭಾಗದ ಮನೆಯ ಜಗುಲಿಯ ಮೇಲೆ ಕುಳಿತಿದ್ದರು. ಕಣ್ಣು ಮಂಜಾಗಿತ್ತು, ಧ್ವನಿಯಿಂದಲೇ ಗುರುತು ಹಿಡಿದರು. “ಬನ್ನಿ ಮೇಷ್ಟ್ರೇ, ಕೂತ್ಕಳಿ” ಎಂದರು. ಮಗ ಹೊರರಾಜ್ಯದ ಕಾರ್ಖಾನೆಯೊಂದರಲ್ಲಿ ಲೋಹಗಳಿಗೆ ಹದ ಹಾಕುವ ವಿಭಾಗದಲ್ಲಿದ್ದಾನೆಂದು ಹೇಳಿದರು. ನಾನು ಆ ಒಂದು ಅಂಕದ ಕಥೆ ಹೇಳಿದೆ. ಅವರು ನಕ್ಕು, “ಆಚಾರಿ ಮಗ ಆಗಿ ಸುಮ್ನೆ ಕೂತ್ಕಂಡ್ನಾ? ನಂಗೆ ಹೇಳೇ ಇಲ್ಲ ನೋಡಿ” ಎಂದರು. “ಆಚಾರ್ರೇ, ಸುಮ್ಮನೆ ಕೂರಿಸಿದವನು ನಾನು” ಎಂದೆ. ಅವರು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಕೂಗಿ ಕಾಫಿ ತರಿಸಿದರು. ಕುಡಗೋಲಿಗೆ ಹುಲ್ಲಿನ ಬಣ್ಣ, ಕೊಡಲಿಗೆ ನವಿಲುಗತ್ತಿನ ಬಣ್ಣ ಎಂದು ತಾವಾಗಿಯೇ ಹೇಳಲಾರಂಭಿಸಿದರು. ನಾನು ಜೇಬಿನಲ್ಲಿದ್ದ ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಬರೆದುಕೊಂಡೆ.

ನಿಮ್ಮಲ್ಲಿ ಯಾರ ಊರಿನ ಹೊಲದಲ್ಲಿಯಾದರೂ ಉಳುವಾಗ ಕಪ್ಪು ಕಿಟ್ಟದ ಗಟ್ಟಿಗಳೋ, ಒಳಗೆ ಗಾಜಿನ ಲೇಪವಿದ್ದಂತೆ ಹೊಳೆಯುವ ಮಣ್ಣಿನ ಮೂಸೆಯ ಚೂರುಗಳೋ ಸಿಕ್ಕಿದ್ದರೆ, ಅಗೆದು ತೆಗೆಯಬೇಡಿ. ಇರುವ ಜಾಗದಲ್ಲಿಯೇ ಚಿತ್ರ ತೆಗೆದು, ಊರಿನ ಹೆಸರು ಬರೆದು ನನಗೆ ಕಳುಹಿಸಿರಿ. ಅಲ್ಲಿನ ಹಿರಿಯರು ಆ ಹೊಲವನ್ನು ಏನೆಂದು ಕರೆಯುತ್ತಾರೆಂಬುದನ್ನೂ ಕೇಳಿ ಬರೆಯಿರಿ.